ಸೀರೆ ಕಪಾಟಿನೊಳಗಿನ ಹೆಲ್ಮೆಟ್

ಮಾವನ ಹೆಲ್ಮೆಟ್ಟನ್ನು ನನ್ನ ಸೀರೆ ಕಪಾಟಿನೊಳಗೆ ಅಡಗಿಸಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಕಂಡುಹಿಡಿದು ನನಗೆ ಬುದ್ಧಿ ಹೇಳುವುದು ಬೇಡ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ತಪ್ಪನ್ನು ನಾನು ಹೇಳಿದರೆ ಆಗುತ್ತದೆ, ಬೇರೆಯವರು ಹೇಳಿದರೆ ಆಗುವುದಿಲ್ಲ.

ನಾನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್. ಇನ್ನಂಜೆಯಲ್ಲಿ ನಮ್ಮ ಮನೆಯ ಸುತ್ತಮುತ್ತ ಯಾರಿಗೂ ಅಷ್ಟುದ್ದದ ಹೆಸರು ಬೇಡ. ಅವರಿಗೆ ನಾನು 'ತಲೆಯ ಫೋಟೋ ತೆಗೆಯುವವಳು'. ಹೆದ್ದಾರಿಯಲ್ಲಿ ಬಿದ್ದ ತಲೆ, ಕಾರ್ಕಳದ ತಿರುವಿನಲ್ಲಿ ಬಿದ್ದ ತಲೆ, ಉಡುಪಿಯ ಸಿಗ್ನಲ್ಲಿನಲ್ಲಿ ನಿಂತಲ್ಲಿಯೇ ಬಿದ್ದ ತಲೆ, ಎಲ್ಲವೂ ನನ್ನ ಮೆಷಿನ್ನಿನ ಒಳಗೆ ಹೋಗಿ ಹೊರಗೆ ಬಂದಿವೆ. ದಿನಕ್ಕೆ ಇಷ್ಟು ತಲೆ ನೋಡಿದವಳಿಗೆ ಬರಿತಲೆಯಲ್ಲಿ ಗಾಡಿ ಬಿಡುವವರನ್ನು ಕಂಡರೆ ಇಳಿಸಿ ಎರಡು ಬಾರಿಸಬೇಕು ಅಂತ ಕಾಣುತ್ತದೆ. ಬಾರಿಸಿದರೆ ಅದಕ್ಕೂ ಸ್ಕ್ಯಾನ್ ಮಾಡಬೇಕಲ್ಲ ಅಂತ ಸುಮ್ಮನಿದ್ದೇನೆ.

ನಮ್ಮೂರಿನವರ ತಲೆಯ ಚಿತ್ರ ತೆಗೆಯುವುದು ಸುಲಭ ಅಲ್ಲ ಮಾರಾಯ್ರೆ. ಕಾರಣ ಅವರ ಮರ್ಯಾದೆ. ತಲೆ ಅಲುಗಿದರೆ ಚಿತ್ರ ಕೆಡುತ್ತದೆ. 'ತಲೆ ಅಲುಗಿಸಬಾರದು, ಆಯ್ತಾ?' ಅಂತ ನಾನು ಮೈಕಿನಲ್ಲಿ ಹೇಳುತ್ತೇನೆ. 'ಆಯ್ತು ಆಯ್ತು' ಅಂತ ಅವರು ಮೂರು ಸಲ ತಲೆ ಅಲ್ಲಾಡಿಸುತ್ತಾರೆ! ಕೇಳಿದವರಿಗೆ ಉತ್ತರ ಕೊಡದೆ ಮಲಗುವುದು ಹೇಗೆ? ಕುಕ್ಕುಂದೂರಿನ ಒಬ್ಬರು ವಯಸ್ಸಾದ ಬಾಯಮ್ಮ ಪ್ರತಿ ಸಲ ನನ್ನ ಧ್ವನಿ ಕೇಳಿದಾಗಲೂ ತಲೆಯೆತ್ತಿ 'ದೇವರು ಒಳ್ಳೆಯದು ಮಾಡಲಿ' ಅಂತ ಹರಸುತ್ತಿದ್ದರು. ನಾಲ್ಕು ಸಲ ತೆಗೆದೆ. ಆವತ್ತಿನಿಂದ ನಾನು ಯಾರನ್ನೂ 'ಆಯ್ತಾ' ಅಂತ ಕೇಳುವುದಿಲ್ಲ. 'ಸುಮ್ಮನೆ ಮಲಗಿ' ಅಂತ ಗದರಿಸುತ್ತೇನೆ.

ಮನೆಯಲ್ಲಿ ನಾವು ಮೂರೇ ಜನ. ಮಾವ, ಅತ್ತೆ, ನಾನು. ನನ್ನ ಗಂಡ ಮಸ್ಕತ್ತಿನಲ್ಲಿ. ಮಾವ ಕಾರ್ಕಳ ಉಡುಪಿ ಲೈನಿನಲ್ಲಿ ಮೂವತ್ತನಾಲ್ಕು ವರ್ಷ ಬಸ್ಸು ಬಿಟ್ಟವರು. ಈಗಲೂ ರಸ್ತೆಯಲ್ಲಿ ಯಾರಾದರೂ ಹಾರ್ನ್ ಹಾಕಿದರೆ ಅಡುಗೆ ಕೋಣೆಯಿಂದಲೇ 'ಸೈಡಿಲ್ಲ, ಕಾಣುವುದಿಲ್ವಾ?' ಅಂತ ಬೊಬ್ಬೆ ಹಾಕುತ್ತಾರೆ. ಕಳೆದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದರು. ಆಮೇಲೆ ರಕ್ತ ತೆಳು ಮಾಡುವ ಮಾತ್ರೆ ಶುರುವಾಯಿತು. ಆ ಮಾತ್ರೆ ತಿನ್ನುವವರು ಬಿದ್ದರೆ ಎಂತಾಗುತ್ತದೆ ಅಂತ ನನಗೆ ಗೊತ್ತುಂಟು. ಹೊರಗೆ ಒಂದು ಸಣ್ಣ ಬುಗುಟು, ಒಳಗೆ ರಕ್ತ ನಿಲ್ಲುವುದೇ ಇಲ್ಲ. ಹಾಗಾಗಿ ನಾನು ಮಾವನಿಗೆ ಹೇಳಿದೆ, 'ಇನ್ನು ಸ್ಕೂಟರ್ ಬೇಡ.'

'ಆಯ್ತು ಮಗಾ' ಅಂದರು. ಮರುದಿನ ಸ್ಕೂಟರಿನಲ್ಲಿ ಕಟಪಾಡಿಗೆ ಹೋಗಿ ಬಂದರು.

ನಾನು ಕೀ ಅಡಗಿಸಿದೆ. ಅವರು ಇನ್ನೊಂದು ಕೀಯಲ್ಲಿ ಹೋದರು. ಅದನ್ನೂ ಅಡಗಿಸಿದೆ. ಅಕ್ಕಿ ಡಬ್ಬದಿಂದ ಮೂರನೆಯದು ಬಂತು, ದೇವರ ಫೋಟೋದ ಹಿಂದಿನಿಂದ ನಾಲ್ಕನೆಯದು. ಬಸ್ಸಿನ ಡ್ರೈವರ್ ಆಗಿದ್ದವರ ಹತ್ತಿರ ಕೀ ಮುಗಿಯುವುದುಂಟಾ? ನನಗೆ ತಲೆ ಕೆಟ್ಟುಹೋಯಿತು. ಆಗ ನನಗೊಂದು ಉಪಾಯ ಹೊಳೆಯಿತು. ಮಾವನಿಗೆ ಒಂದು ನಿಷ್ಠೆ ಇತ್ತು. ಹೆಲ್ಮೆಟ್ ಇಲ್ಲದೆ ಅವರು ಗೇಟು ದಾಟಿದ್ದನ್ನು ನಾನು ನೋಡಿಲ್ಲ. ಬಸ್ಸು ಬಿಡುವ ಕಾಲದಲ್ಲಿ ಕಿಟಕಿಯಿಂದ ಮುಖ ಹೊರಗೆ ಹಾಕಿ, ನಿಟ್ಟೆಯ ಕಾಲೇಜು ಹುಡುಗರಿಗೆ ಹೆಲ್ಮೆಟ್ಟಿಗಾಗಿ ಬೈದವರು ಅವರು. ಕೀ ಹತ್ತು ಇರಬಹುದು, ಹೆಲ್ಮೆಟ್ ಒಂದೇ. ಒಂದು ಭಾನುವಾರ ಅದನ್ನು ತೆಗೆದು ನನ್ನ ಸೀರೆ ಕಪಾಟಿನೊಳಗೆ, ಮದುವೆ ಸೀರೆಗಳ ಎಡೆಗೆ ತುರುಕಿಬಿಟ್ಟೆ. ಬೀಗ ಕೂಡ ಹಾಕಲಿಲ್ಲ.

ಮಾವ ಒಂದು ದಿನ ಜಗಲಿ, ಚಾವಡಿ, ಹಟ್ಟಿ ಎಲ್ಲ ಹುಡುಕಿದರು. 'ಮಗಾ, ನನ್ನ ಹೆಲ್ಮೆಟ್ ಕಂಡಿಯಾ?' ಅಂತ ಕೇಳಿದರು. 'ಇಲ್ಲಪ್ಪ' ಅಂದೆ. ಅಷ್ಟೇ, ಮತ್ತೆ ಕೇಳಲಿಲ್ಲ. ಮೂರು ವಾರ ಸ್ಕೂಟರಿನ ಮೇಲೆ ಬೆಕ್ಕು ಮಲಗಿತು. ನಾನು ಡ್ಯೂಟಿಯಲ್ಲಿ ಎಲ್ಲರ ಹತ್ತಿರವೂ ಜಂಬ ಕೊಚ್ಚಿಕೊಂಡೆ. ನನ್ನ ಜೊತೆಗೆ ಕೆಲಸ ಮಾಡುವ ಕಿರಿಯ ಟೆಕ್ನಿಷಿಯನ್ ಹುಡುಗಿ 'ಅಕ್ಕ, ನೀವು ಪೊಲೀಸಿಗೆ ಸೇರಬೇಕಿತ್ತು' ಅಂದಳು. ನನಗೂ ಹಾಗೇ ಅನಿಸಿತ್ತು.

ಒಂದು ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ, ಅತ್ತೆಯ ಫೋನು ಬಂತು.

'ಮಗಾ, ಸುಣ್ಣಕ್ಕೆ ಬೆಲ್ಲ ಎಷ್ಟು ಹಾಕಬೇಕು?'

ಪೆಟ್ಟಾದಲ್ಲಿಗೆ ಸುಣ್ಣ ಬೆಲ್ಲ ಕಲಸಿ ಹಚ್ಚುವ ವಿದ್ಯೆ ನನಗೆ ಕಲಿಸಿದವರೇ ಅತ್ತೆ. ಅವರು ನನ್ನನ್ನು ಕೇಳುತ್ತಾರೆ ಅಂದರೆ ಬೇರೆ ಏನೋ ಹೇಳಲಿಕ್ಕುಂಟು ಅಂತ ಅರ್ಥ.

'ಯಾರಿಗೆ ಅತ್ತೆ?'

'ಮಾವನಿಗೆ. ತಲೆ ಸ್ವಲ್ಪ ಬಾತುಕೊಂಡಿದೆ. ಹಚ್ಚಿಯಾಯ್ತು, ನೀನು ಗಡಿಬಿಡಿ ಮಾಡಬೇಡ.'

ಹಿಂದಿನಿಂದ ಮಾವನ ಧ್ವನಿ ಕೇಳಿತು, 'ಯಾರ ಫೋನು?'

'ಸೊಸೆಯದ್ದು' ಅಂದರು ಅತ್ತೆ.

'ಹೌದಾ' ಅಂದರು ಮಾವ. ಹತ್ತು ಎಣಿಸುವಷ್ಟರಲ್ಲಿ ಮತ್ತೆ, 'ಯಾರ ಫೋನು?'

'ಸೊಸೆಯದ್ದು ಅಂತ ಹೇಳಿದೆನಲ್ಲ!'

'ಹೌದಾ.' ಮತ್ತೆ ಸ್ವಲ್ಪ ಹೊತ್ತಿಗೆ, 'ಅಲ್ಲ, ಯಾರ ಫೋನು?'

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವ ಎಷ್ಟು ತಲೆಗಳನ್ನು ನಾನು ನೋಡಿಲ್ಲ! ಬೇರೆಯವರ ಮನೆಯವರಾದರೆ ಸಮಾಧಾನ ಹೇಳುತ್ತೇನೆ. ಈಗ ಫೋನಿನಲ್ಲಿ ಕಿರುಚಿದೆ, 'ಈಗಲೇ ರಿಕ್ಷಾ ಹತ್ತಿಸಿ ಕರೆದುಕೊಂಡು ಬನ್ನಿ!'

'ಅಯ್ಯೋ ಮಾರಾಯ್ತಿ, ಬೂತಾಯಿ ಮೀನು ಅರ್ಧ ಕ್ಲೀನ್ ಮಾಡಿ ಇಟ್ಟಿದ್ದೇನೆ. ಬೆಕ್ಕು ತಿನ್ನುತ್ತದೆ.'

'ಬೆಕ್ಕೇ ತಿನ್ನಲಿ!'

ಇಬ್ಬರೂ ಬಂದರು. ಇಸ್ತ್ರಿ ಶರ್ಟು, ಮುಖಕ್ಕೆ ಪೌಡರು, ತಲೆಗೆ ರುಮಾಲಿನ ಹಾಗೆ ಬೈರಾಸು ಕಟ್ಟಿಕೊಂಡು ಮಾವ ರಿಕ್ಷಾದಿಂದ ಇಳಿದರು. ಆಸ್ಪತ್ರೆಗೆ ಬರುವುದೆಂದರೆ ಶರ್ಟು ಬದಲಾಯಿಸಬೇಡವೇ? ಎಮರ್ಜೆನ್ಸಿಯ ಎಳೆಯ ಡಾಕ್ಟರು ಬೈರಾಸು ಬಿಚ್ಚಿ ನೋಡಿ, ಹೇಗೆ ಬಿದ್ದದ್ದು ಅಂತ ಕೇಳಿದರು.

'ಬಾತ್‌ರೂಮಿನಲ್ಲಿ ಜಾರಿದ್ದು' ಅಂದರು ಮಾವ.

'ಬಾವಿಕಟ್ಟೆಯಲ್ಲಿ' ಅಂದರು ಅತ್ತೆ, ಅದೇ ಕ್ಷಣದಲ್ಲಿ.

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಅತ್ತೆ ಬೇಗ ಸರಿಮಾಡಿದರು, 'ಬಾವಿಕಟ್ಟೆಯ ಹತ್ತಿರದ ಬಾತ್‌ರೂಮು.'

ನಾನು ಮಾವನ ಮೊಣಕೈ ನೋಡಿದೆ. ಚರ್ಮ ಕಿತ್ತುಹೋಗಿತ್ತು, ಅದರೊಳಗೆ ಡಾಮಾರಿನ ಕಪ್ಪು ಹರಳು. ನಮ್ಮ ಬಾತ್‌ರೂಮಿಗೆ ಡಾಮಾರು ಹಾಕಿಲ್ಲ. ಸೈಕಲ್ಲಿನ ಮೀನಿನವನು ಮಂಗಳವಾರ ಬರುವುದಿಲ್ಲ. ಬೂತಾಯಿ ಬಂದದ್ದು ಕಾಪುವಿನ ಮಾರ್ಕೆಟ್ಟಿನಿಂದ, ತಂದದ್ದು ಸ್ಕೂಟರಿನಲ್ಲಿ. ಎರಡೇ ಸೆಕೆಂಡಿನಲ್ಲಿ ನನಗೆ ಎಲ್ಲವೂ ತಿಳಿಯಿತು. ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ರೋಡಿನಲ್ಲಿ ಬಿದ್ದದ್ದು ಅಂದರೆ ಮುಂದಿನ ಪ್ರಶ್ನೆ ಹೆಲ್ಮೆಟ್ಟಿನದ್ದೇ. ದಿನಾ ಊರವರನ್ನೆಲ್ಲ ಗದರಿಸುವ ನನ್ನ ಬಾಯಿ ಅವತ್ತು ಅಂಟು ಹಾಕಿದ ಹಾಗೆ ಮುಚ್ಚಿಕೊಂಡಿತು.

ಟ್ರಾಲಿಯಲ್ಲಿ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ಮಾವ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದರು. ಕಿವಿಯಲ್ಲಿ ಹೇಳಿದರು, 'ಮಗಾ, ನಿನ್ನ ಕಪಾಟಿನ ವಿಷಯ ಯಾರಿಗೂ ಹೇಳಬೇಡ. ಪೊಲೀಸು ಗಿಲೀಸು ಅಂತ ಆದರೆ ನಿನಗೆ ಕಷ್ಟ.'

ಇವರಿಗೆ ಗೊತ್ತಿತ್ತು! ನಾನು ಏನಾದರೂ ಹೇಳುವ ಮೊದಲೇ, ಹೇಳಿದ್ದು ಮರೆತುಹೋಗಿ, ಸ್ವಲ್ಪ ದೊಡ್ಡ ಧ್ವನಿಯಲ್ಲಿ ಎರಡನೆಯ ಸಲ ಹೇಳಿದರು. ಲಿಫ್ಟಿನ ಹತ್ತಿರ ಮೂರನೆಯ ಸಲ, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಗಂಟಲಿನಲ್ಲಿ, 'ಕಪಾಟಿನ ವಿಷಯ ಯಾರಿಗೂ ಹೇಳಬೇಡ ಆಯ್ತಾ!' ಕಾರಿಡಾರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಕಪಾಟಿನಲ್ಲಿ ಎಷ್ಟು ಚಿನ್ನ ಉಂಟೋ ಅಂತ ಒಬ್ಬರು ಅಜ್ಜಿ ಕಣ್ಣರಳಿಸಿದರು.

ಕಿರಿಯ ಹುಡುಗಿ 'ಅಕ್ಕ, ನೀವು ಹೊರಗೆ ಕೂತುಕೊಳ್ಳಿ' ಅಂದಳು. ಕೇಳುವವಳು ನಾನಲ್ಲವಲ್ಲ. ಅವಳೇ ಮಾವನ ತಲೆಯನ್ನು ಮೇಜಿನ ತೊಟ್ಟಿಲಿನಂಥ ಗುಳಿಯಲ್ಲಿ ಇಟ್ಟು ಪಟ್ಟಿ ಬಿಗಿದಳು. ನಾನು ಗಾಜಿನ ಈಚೆ, ಕಂಪ್ಯೂಟರಿನ ಮುಂದೆ ಕೂತೆ. ಮೇಜು ಮೆಲ್ಲ ಒಳಗೆ ಸರಿಯಿತು. ಸ್ಪೀಕರಿನಿಂದ ಮಾವನ ಧ್ವನಿ ಬಂತು, 'ರೈಟ್ ಪೋಯಿ!' ಬಸ್ಸು ಹೊರಡಲಿ ಅಂತ ಕಂಡಕ್ಟರು ಹೇಳುವ ಮಾತು. ಅಂಥ ಹೊತ್ತಿನಲ್ಲೂ ಹುಡುಗಿಗೆ ನಗು ಬಂತು.

ಚಿತ್ರಗಳು ಒಂದೊಂದಾಗಿ ಬಂದವು. ತಲೆಯನ್ನು ಬ್ರೆಡ್ಡಿನ ಹಾಗೆ ಸೀಳಿ ಸೀಳಿ ತೋರಿಸುವ ಚಿತ್ರಗಳು. ನಮ್ಮ ಲೆಕ್ಕದಲ್ಲಿ ಎಲುಬು ಬಿಳಿ, ಹೊಸ ರಕ್ತವೂ ಬಿಳಿ. ಮಾವನ ತಲೆಯ ಹಿಂಭಾಗದಲ್ಲಿ ದೊಡ್ಡದೊಂದು ಬಿಳಿ ಹೊಳೆಯಿತು! ತುಂಡು ತುಂಡು, ಚೂರು ಚೂರು. ತಲೆಬುರುಡೆಯೇ ಪುಡಿಯಾಗಿದೆ ಅಂದುಕೊಂಡೆ. 'ಮುಗಿಯಿತು, ನಾನೇ ಕೊಂದೆ' ಅಂತ ಜೋರಾಗಿ ಹೇಳಿದೆನಂತೆ. ನನಗೆ ನೆನಪಿಲ್ಲ.

ಹುಡುಗಿ ಬಗ್ಗಿ ನೋಡಿದಳು. 'ಅಕ್ಕ,' ಅಂದಳು, 'ಅದು ಬುರುಡೆಯ ಹೊರಗೆ ಉಂಟು. ಚರ್ಮದ ಮೇಲೆ.'

ಕಣ್ಣು ಉಜ್ಜಿ ನೋಡಿದೆ. ಹೌದು, ಹೊರಗೆ. ಅದು ಅತ್ತೆಯ ಸುಣ್ಣ! ಎಮರ್ಜೆನ್ಸಿಯಲ್ಲಿ ಮುಂದಿನದ್ದನ್ನು ಒರೆಸಿದ್ದರು, ಹಿಂದಲೆಯ ಕೂದಲಿನೊಳಗೆ ಒಣಗಿ ಕೂತದ್ದು ಹಾಗೇ ಉಳಿದಿತ್ತು. ಎಷ್ಟೋ ಸಾವಿರ ತಲೆ ನೋಡಿದವಳು, ಒಳಗೆ ಯಾವುದು ಹೊರಗೆ ಯಾವುದು ಅಂತ ಗೊತ್ತಾಗದೆ ಸುಣ್ಣ ನೋಡಿ ಅಳುತ್ತಾ ಕೂತಿದ್ದೆ. ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು ಇಬ್ಬರೂ. 'ಬೆಲ್ಲ ಕಾಣುವುದಿಲ್ವಾ ಅಕ್ಕ?' ಅಂತ ಅವಳು ಕೇಳಿದ್ದಕ್ಕೆ ಮತ್ತೂ ನಕ್ಕೆವು.

ನಗುತ್ತಲೇ ನಾನು ಮೇಲಿನ ಚಿತ್ರಗಳನ್ನು ಸರಿಸಿದೆ. ಎಡಗಡೆ, ಬುರುಡೆಯ ಒಳಗೆ, ಎಲುಬಿಗೆ ಒತ್ತಿಕೊಂಡು ಒಂದು ತೆಳ್ಳಗಿನ ಬಿಳಿ ಗೆರೆ ಇತ್ತು. ಉಗುರಿನ ಅಂಚಿನಷ್ಟು. ಅದು ಸುಣ್ಣ ಅಲ್ಲ. ಹುಡುಗಿಯೂ ನೋಡಿದಳು. ಅವಳು ಫೋನು ಮಾಡಿ ಸ್ಕ್ಯಾನ್ ಓದುವ ಡಾಕ್ಟರಮ್ಮನನ್ನು ಕರೆದಳು.

ಡಾಕ್ಟರಮ್ಮ ಬಂದು ನೋಡಿ, 'ರಕ್ತ. ಸಣ್ಣದು, ಸದ್ಯಕ್ಕೆ' ಅಂದರು. 'ರಕ್ತ ತೆಳು ಮಾಡುವ ಮಾತ್ರೆ ಉಂಟಾ?'

'ಉಂಟು.'

'ಬಾತ್‌ರೂಮಿನಲ್ಲಿ ನಿಂತಲ್ಲಿಂದ ಜಾರಿದ್ದು ಅಂತ ಬರೆದಿದ್ದಾರೆ. ಹೌದಲ್ವಾ? ಹಾಗಾದರೆ ತಲೆ ಮಾತ್ರ ಸಾಕು.'

ಸಾಕು ಅನ್ನುವ ಮಾತು ಕೇಳಿ ನನಗೆ ಹೆದರಿಕೆಯಾಯಿತು. ನನ್ನ ಮಾನ ಉಳಿಸಲಿಕ್ಕೆ ಹೋಗಿ ಮಾವನ ಕುತ್ತಿಗೆಯನ್ನು ಯಾರೂ ನೋಡದೆ ಬಿಟ್ಟರೆ? ಮುರಿದಿದ್ದರೆ? ಅಂಟು ಹಾಕಿದ್ದ ಬಾಯಿ ಆಗ ಬಿಚ್ಚಿತು. 'ಅಲ್ಲ ಮೇಡಂ, ಸ್ಕೂಟರಿನಿಂದ ಬಿದ್ದದ್ದು. ಕಾಪುವಿನಲ್ಲಿ, ರೋಡಿನಲ್ಲಿ.'

'ಹೆಲ್ಮೆಟ್?'

'ನನ್ನ ಸೀರೆ ಕಪಾಟಿನಲ್ಲಿ ಉಂಟು. ನಾನೇ ಇಟ್ಟದ್ದು, ಗಾಡಿ ಬಿಡಬಾರದು ಅಂತ.'

ಡಾಕ್ಟರಮ್ಮ ಬೈದಿದ್ದರೆ ತಿರುಗಿ ಜಗಳ ಮಾಡಬಹುದಿತ್ತು. ಅವರು ಬೈಯಲಿಲ್ಲ. 'ಕುತ್ತಿಗೆಯನ್ನೂ ತೆಗೆಯಿರಿ' ಅಂದರು, ಅಷ್ಟೇ. ತೆಗೆದೆವು. ಕುತ್ತಿಗೆ ಸರಿಯಿತ್ತು. ಆದರೆ ತಲೆಯ ಗೆರೆ ಬೆಳೆಯುತ್ತದೆಯಾ ಇಲ್ವಾ ಅಂತ ಈಗ ಗೊತ್ತಾಗುವುದಿಲ್ಲ, ಸಂಜೆ ಆರು ಗಂಟೆಗೆ ಇನ್ನೊಂದು ಸಲ ತೆಗೆಯಬೇಕು, ಬೆಳೆದಿದ್ದರೆ ಬುರುಡೆ ತೆರೆದು ಆಪರೇಷನ್ ಅಂದರು. ಮಾತ್ರೆ ನಿಲ್ಲಿಸಿದರು.

ಆರು ಗಂಟೆಯವರೆಗೆ ನಾನೂ ಅತ್ತೆಯೂ ಐ.ಸಿ.ಯು. ಹೊರಗಿನ ಬೆಂಚಿನಲ್ಲಿ ಕೂತೆವು. ಅತ್ತೆ ಆಗ ಎಲ್ಲ ಹೇಳಿದರು. ಮೂರು ವಾರ ತಡೆದುಕೊಂಡ ಮಾವ, ಅವತ್ತು ಬೂತಾಯಿ ತಿನ್ನುವ ಆಸೆಗೆ ಬರಿತಲೆಯಲ್ಲೇ ಹೊರಟರಂತೆ. ಹೆದ್ದಾರಿಯ ಬದಿಯ ಸಣ್ಣ ರಸ್ತೆಯಲ್ಲಿ ಯಾರೋ ರಾಂಗ್ ಸೈಡಿನಲ್ಲಿ ಎದುರು ಬಂದರಂತೆ. ಮಾವ ತಪ್ಪಿಸಲಿಕ್ಕೆ ಹೋಗಿ ಬಿದ್ದರಂತೆ. ಮೀನು ಮಾರುವ ಹೆಂಗಸರು ಎಬ್ಬಿಸಿ ಕೂರಿಸಿ, ಚೆಲ್ಲಿದ ಬೂತಾಯಿಯನ್ನು ಹೆಕ್ಕಿ, ಮೇಲಿಂದ ನಾಲ್ಕು ಹೆಚ್ಚೇ ಹಾಕಿ, ರಿಕ್ಷಾ ಹತ್ತಿಸಿದರಂತೆ. 'ಬಾತ್‌ರೂಮು ಅಂತ ಹೇಳು ಅಂತ ರಿಕ್ಷಾ ಇಳಿಯುವಾಗಲೇ ಹೇಳಿದರು ಮಗಾ. ನನಗೆ ಬಾಯಿ ತಪ್ಪಿ ಬಾವಿಕಟ್ಟೆ ಬಂತು' ಅಂದರು. ಸುಳ್ಳು ಸರಿಯಾಗಿ ಹೇಳಲಿಲ್ಲ ಅಂತ ಅವರಿಗೆ ಬೇಜಾರು.

ಮಸ್ಕತ್ತಿನಿಂದ ಗಂಡನ ಫೋನು ಬಂತು. ಕಪಾಟಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ, 'ಅಪ್ಪ ಉಳಿಯುತ್ತಾರಾ?' ತಲೆಯ ಫೋಟೋ ತೆಗೆಯುವವಳು ನಾನು. ಗೊತ್ತಿರಬೇಕಾದದ್ದು ನನಗೆ. 'ಆರು ಗಂಟೆಗೆ ಹೇಳುತ್ತೇನೆ' ಅಂದು ಫೋನಿಟ್ಟು, ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟೆ. ಅತ್ತೆ ಬೆನ್ನು ಸವರುತ್ತಾ, 'ಅಳಬೇಡ, ನಿನ್ನ ಮೂಗು ಕೆಂಪಾದರೆ ಚಂದ ಕಾಣುವುದಿಲ್ಲ' ಅಂದರು.

ಆರು ಗಂಟೆಗೆ ನಾನು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಅಲ್ಲಿ ಅಂಟಿಸಿದ್ದ ಕೈತೊಳೆಯುವ ಕ್ರಮದ ಚಿತ್ರವನ್ನು ಓದಿದೆ. ಮೊದಲು ಅಂಗೈ, ಆಮೇಲೆ ಬೆರಳ ಸಂದು. ಮೆಷಿನ್ ತಿರುಗಿ ನಿಂತಿತು. ಹೆಬ್ಬೆರಳಿನವರೆಗೆ ಓದಿಯಾಯಿತು.

'ಅಷ್ಟೇ ಉಂಟು ಅಕ್ಕ' ಅಂದಳು ಹುಡುಗಿ. 'ಬೆಳೆದಿಲ್ಲ.'

ಡಾಕ್ಟರಮ್ಮ ಬೆಳಗ್ಗಿನ ಚಿತ್ರವನ್ನು ಪಕ್ಕದಲ್ಲಿಟ್ಟು ಎರಡು ಸಲ ಅಳೆದು, 'ಅಷ್ಟೇ ಉಂಟು' ಅಂದರು. ಆಪರೇಷನ್ ಬೇಡ, ತಾನಾಗಿಯೇ ಕರಗುತ್ತದೆ ಅಂದರು. ಮಸ್ಕತ್ತಿಗೆ ಫೋನು ಮಾಡಿ 'ಅಷ್ಟೇ ಉಂಟು, ಅಷ್ಟೇ ಉಂಟು' ಅಂತಲೇ ಹೇಳುತ್ತಾ ಹೋದೆ. ಕೊನೆಗೆ ಹುಡುಗಿಯೇ ಫೋನು ಕಿತ್ತುಕೊಂಡು ಹೇಳಿದಳು.

ಮೂರನೆಯ ದಿನ ಮಾವ ವಾರ್ಡಿಗೆ ಬಂದರು. ಕೇಳಿದ್ದನ್ನೇ ಕೇಳುವುದು ನಿಂತಿತ್ತು. ನರ್ಸಿನ ಹತ್ತಿರ ಊಟಕ್ಕೆ ಮೀನು ಯಾಕಿಲ್ಲ ಅಂತ ಜಗಳ ಶುರುಮಾಡಿದ್ದರು. ರೋಡಿನ ಪೆಟ್ಟು ಅಂದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಒಬ್ಬರು ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಳ್ಳಲು ಬಂದರು. ಒಳ್ಳೆಯ ಮನುಷ್ಯ, ಕಾರ್ಕಳದ ಕಡೆಯವರು. ಮಾವನ ಬಸ್ಸಿನಲ್ಲಿ ಶಾಲೆಗೆ ಹೋದವರಂತೆ. ಎದುರು ಬಂದವರ ಗಾಡಿಯ ನಂಬರು ಕೇಳಿದರು, ನೋಡಿಲ್ಲ ಅಂದರು ಮಾವ.

'ಹೆಲ್ಮೆಟ್ ಇರಲಿಲ್ವಾ ಅಣ್ಣ?'

'ಇತ್ತು. ಮನೆಯಲ್ಲಿ ಬಿಟ್ಟು ಹೋದದ್ದು. ನನ್ನದೇ ತಪ್ಪು, ಬರೆಯಿರಿ.'

ನನಗೆ ಮೈಯೆಲ್ಲ ಉರಿಯಿತು. 'ಬರೆಯಬೇಡಿ!' ಅಂದೆ. 'ಹೆಲ್ಮೆಟ್ಟನ್ನು ಕಪಾಟಿನಲ್ಲಿ ಅಡಗಿಸಿದ್ದು ನಾನು. ಅದನ್ನು ಬರೆಯಿರಿ.'

ಕಾನ್‌ಸ್ಟೇಬಲ್ ಪೆನ್ನಿನಿಂದ ಕಿವಿ ಕೆರೆದುಕೊಂಡು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. 'ಅಕ್ಕ, ಅದಕ್ಕೆ ಇಲ್ಲಿ ಜಾಗ ಇಲ್ಲ' ಅಂದರು. 'ಹಾಕಿದ್ದರಾ ಇಲ್ವಾ, ಅಷ್ಟೇ ಕೇಳಿದ್ದಾರೆ.' ಸವಾರ ಹೆಲ್ಮೆಟ್ ಧರಿಸಿರಲಿಲ್ಲ ಅಂತ ಬರೆದರು. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕೆಳಗೆ ಸಹಿ ಹಾಕಿದರು.

ಕಾನ್‌ಸ್ಟೇಬಲ್ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. 'ಮಾವ, ಕಪಾಟಿನಲ್ಲಿ ಉಂಟು ಅಂತ ನಿಮಗೆ ಯಾವಾಗ ಗೊತ್ತಾದದ್ದು?'

'ನೀನು ಇಟ್ಟ ಮರುದಿನವೇ. ಕಪಾಟಿನ ಬಾಗಿಲ ಸಂದಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ನೇತಾಡುತ್ತಿತ್ತಲ್ಲ.'

'ಬೀಗ ಇರಲಿಲ್ಲ ಮಾವ!' ನನ್ನ ಧ್ವನಿ ಏರಿತು, ಪಕ್ಕದ ಮಂಚದವರು ಎದ್ದು ಕೂತರು. 'ಬಾಗಿಲು ಎಳೆದರೆ ತೆರೆಯುತ್ತಿತ್ತು. ಮೂರು ವಾರ ನೋಡುತ್ತಾ ಇದ್ದಿರಲ್ಲ, ಕೈ ಹಾಕಿ ತೆಗೆದುಕೊಂಡು ಹೋಗಲಿಕ್ಕೆ ನಿಮಗೆ ಎಂತ ಆಗಿತ್ತು?'

ಮಾವ ನನ್ನನ್ನು, ಬಸ್ಸಿಗೆ ಅಡ್ಡ ಬಂದ ಮಗುವನ್ನು ನೋಡುವ ಹಾಗೆ ನೋಡಿದರು.

'ಎಂತ ಮಾತಾಡುತ್ತಿ ಮಗಾ,' ಅಂದರು, 'ಅದು ನಿನ್ನ ಸೀರೆ ಕಪಾಟು ಅಲ್ವಾ?'